ಮೂಲೆಯ ಎರಡು ಸೊನ್ನೆ

ಮನೆಯಿಂದ,
ಮಾರ್ಚ್ ಹದಿನಾಲ್ಕು, ಶನಿವಾರ ಬೆಳಿಗ್ಗೆ

ಪ್ರೀತಿಯ ಡಾಕ್ಟರಮ್ಮನಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನವರೆಲ್ಲರ ನಾಡಿ ಹಿಡಿಯುವವಳು ನಿನ್ನದನ್ನು ಮಾತ್ರ ಯಾರಿಗೂ ತೋರಿಸುವವಳಲ್ಲ ಎಂದು ನನಗೆ ಗೊತ್ತು. ಅಲ್ಲಿಯ ಅಡುಗೆಯವನಿಗೆ ಹೇಳಿ ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಸಂಕೋಚ ಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ತಕರಾರು ತೆಗೆಯುತ್ತದೆ. ಬಾಯಿ ಮಾತ್ರ ಎಂದಿನಂತೆ ಗಟ್ಟಿಮುಟ್ಟಾಗಿದೆ. ನಾನು ಮಾಡಿದ ಅನ್ನ ನೋಡಿ ನಿನ್ನೆ, "ಅಳಿಯಂದಿರೇ, ಇದನ್ನ ಉಣ್ಬೇಕೋ ಗೋಡೆಗೆ ಮೆತ್ತಬೇಕೋ?" ಎಂದರು. ಎಂದವರೇ ಇನ್ನೊಂದು ಸಲ ಬಡಿಸಿಕೊಂಡರು.

ಈಗ ನಿನ್ನ ಪತ್ರದ ವಿಷಯ. ಹಡಗಿನ ಕಂಪನಿಯವರು ಇನ್ನೆರಡು ವರ್ಷಕ್ಕೆ ಸಹಿ ಹಾಕಲು ಕೇಳುತ್ತಿದ್ದಾರೆ, ಇರಲೋ ಬರಲೋ ನೀವೇ ಹೇಳಿ, ಹೇಳಿದಂತೆ ಮಾಡುತ್ತೇನೆ ಎಂದು ಬರೆದಿದ್ದೆ. ಅದು ಕೈಸೇರಿ ವಾರಗಳೇ ಆದವು, ನಾನು ಉತ್ತರ ಬರೆಯಲಿಲ್ಲ. ಬರೆಯದಿದ್ದರೆ ಎಲ್ಲವೂ ಇದ್ದ ಹಾಗೇ ಇರುತ್ತದೆ ಎಂಬ ಮೊಂಡು ಧೈರ್ಯ. ಫೋನಿನಲ್ಲಿ ಕೇಳಿದಾಗಲೂ, "ಹಲೋ, ಏನು, ಕೇಳಿಸ್ತಿಲ್ಲ" ಎಂದುಬಿಟ್ಟೆ. ಚೆನ್ನಾಗಿ ಕೇಳಿಸಿತ್ತು.

ಆ ಧೈರ್ಯ ಮುರಿದದ್ದು ತರಗತಿಯಲ್ಲಿ. ನಗದೆ ಸ್ವಲ್ಪ ಪಾಠ ಕೇಳಿಸಿಕೋ; ಪರೀಕ್ಷೆಯ ಭಯವಿಲ್ಲದೆ ನನ್ನ ಪಾಠ ಕೇಳುವವರು ನಿನ್ನ ಹೊರತು ಯಾರಿದ್ದಾರೆ? ಒಂದು ಕಣದ ಬಗ್ಗೆ ನಮಗೆ ಏನೇನು ಗೊತ್ತೋ ಅಷ್ಟನ್ನೂ ಒಂದು ಚೌಕದಲ್ಲಿ ಬರೆದಿಡುತ್ತೇವೆ. ಅದೇ ಡೆನ್ಸಿಟಿ ಮ್ಯಾಟ್ರಿಕ್ಸ್. ಕಣದ ಸ್ಪಿನ್, ಅಂದರೆ ಅದರ ಬುಗುರಿಯಂಥ ಗುಣ, ಮೇಲ್ಮುಖವೋ ಕೆಳಮುಖವೋ ಎಂಬ ಪ್ರಶ್ನೆಗೆ ನಾಲ್ಕು ಮನೆ ಸಾಕು. ಎಡಮೇಲಿನ ಮನೆಯಲ್ಲಿ ಮೇಲ್ಮುಖದ ಸಂಭವ, ಬಲಕೆಳಗಿನದರಲ್ಲಿ ಕೆಳಮುಖದ ಸಂಭವ. ಉಳಿದೆರಡು ಮೂಲೆಗಳಲ್ಲಿರುವುದು ಈ ಎರಡರ ನಡುವಿನ ನಂಟು. ಪ್ರಶ್ನೆ ಕೇಳುವುದೆಂದರೆ ಆ ಚೌಕವನ್ನು ಎಡದಿಂದಲೂ ಬಲದಿಂದಲೂ ಪ್ರೊಜೆಕ್ಷನ್ ಆಪರೇಟರ್‌ನಿಂದ, ಅಂದರೆ ಒಂದು ಉತ್ತರವನ್ನಷ್ಟೇ ಉಳಿಸುವ ಜರಡಿಯಿಂದ, ಗುಣಿಸುವುದು. ಉತ್ತರ ಕಂಡರೆ ಆ ಉತ್ತರದ ಮನೆಯೊಂದೇ ಉಳಿಯುತ್ತದೆ, ಅದನ್ನೇ ಪೂರ್ತಿ ಒಂದು ಮಾಡಿಕೊಳ್ಳುತ್ತೇವೆ. ಕೇಳಿಯೂ ಉತ್ತರವನ್ನು ಯಾರೂ ನೋಡದಿದ್ದರೆ, ಎರಡು ಉತ್ತರಗಳಿಗೂ ಬೇರೆಬೇರೆಯಾಗಿ ಗುಣಿಸಿ ಕೂಡಿಸಬೇಕು. ಆಗ ಸಂಭವಗಳೆರಡೂ ಇದ್ದ ಹಾಗೇ ಇರುತ್ತವೆ. ಮೂಲೆಯ ನಂಟು ಮಾತ್ರ ಸೊನ್ನೆಯಾಗುತ್ತದೆ.

ಇದನ್ನು ನಾನು ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ. ಆದರೆ ಗುರುವಾರ, ಉತ್ತರ ಯಾರೂ ನೋಡಿಲ್ಲವಲ್ಲ ಎಂದುಕೊಂಡು ಮೂಲೆಗಳನ್ನು ಹಾಗೇ ಕೆಳಗಿಳಿಸಿ ಮುಂದಿನ ಸಾಲಿಗೆ ಹೋಗಿಬಿಟ್ಟೆ. ಮುಂದಿನ ಬೆಂಚಿನಲ್ಲಿ ಒಬ್ಬಳಿದ್ದಾಳೆ, ಮಾತುಮಾತಿಗೂ ಯಾಕೆ ಎನ್ನುತ್ತಾಳೆಂದು ಹುಡುಗರು ಯಾಕಮ್ಮ ಎಂದೇ ಹೆಸರಿಟ್ಟಿದ್ದಾರೆ. "ಸಾರ್, ಉತ್ತರ ನೋಡ್ಲಿಲ್ಲ ಸರಿ, ಪ್ರಶ್ನೆ ಕೇಳಿ ಆಯ್ತಲ್ವಾ? ಆ ಮೂಲೆಗಳು ಇನ್ನೂ ಯಾಕೆ ಇವೆ?" ಎಂದಳು. ಡಸ್ಟರ್ ತೆಗೆದುಕೊಂಡೆ. ಒರೆಸಿ ಎರಡು ಸೊನ್ನೆ ಬರೆದವನೇ ಗಂಟೆ ಹೊಡೆಯುವ ಮೊದಲೇ ಹೊರಗೆ ನಡೆದೆ. ಸಾರ್‌ಗೆ ಸಕ್ಕರೆ ಕಾಯಿಲೆ ಶುರುವಾಗಿದೆ ಎಂದುಕೊಂಡಿರಬೇಕು ಹುಡುಗರು.

ನಿಜ ಕಣೇ. ಇರಲೋ ಬರಲೋ ಎಂದು ನೀನು ಕೇಳುವ ಮೊದಲು ನನ್ನೊಳಗೆ ಎರಡೂ ಒಟ್ಟಿಗಿದ್ದವು. ನೀನು ಅಲ್ಲಿಗೆ ಬೇಕಾದವಳೆಂಬ ಹೆಮ್ಮೆ, ನೀನಿಲ್ಲಿಲ್ಲವೆಂಬ ಸಂಕಟ; ಒಂದಕ್ಕೊಂದು ಒರಗಿಕೊಂಡು ಹೇಗೋ ದಿನ ದೂಡುತ್ತಿದ್ದವು. ನೀನು ಕೇಳಿದ್ದೇ ತಡ, ಬೇರೆಬೇರೆಯಾದವು. ಈಗ ಪಕ್ಕದ ಮನೆಯವರ ಮುಂದೆ ನಿನ್ನನ್ನು ಹೊಗಳಿದರೆ ಬರೀ ಹೊಗಳಿಕೆ, ಒಳಗೆ ಬಂದರೆ ಬರೀ ಸಂಕಟ. ಒದ್ದೆ ಟವೆಲ್ಲನ್ನು ಬೇಕೆಂದೇ ಹಾಸಿಗೆಯ ಮೇಲೆ ಎಸೆಯುತ್ತೇನೆ. ಬೈಯುವವರಿಲ್ಲ, ಮತ್ತೆ ನಾನೇ ಎತ್ತಿ ಒಣಹಾಕುತ್ತೇನೆ. ನಿನ್ನ ನೆನಪು ಬಹಳ ಆಗುತ್ತದೆ.

ಸುಮ್ಮನಿದ್ದರೂ ಏನೂ ಉಳಿಯುವುದಿಲ್ಲ ಎಂದಮೇಲೆ ಉತ್ತರ ಕೊಡುವುದೇ ಮೇಲು. ಆ ಹಡಗಿನಲ್ಲಿ ನಿನ್ನ ಬಿಟ್ಟರೆ ಇನ್ನೊಬ್ಬ ಡಾಕ್ಟರಿಲ್ಲ. ಆ ಕೆಲಸಕ್ಕೆ ನೀನು ಎಷ್ಟು ಆಸೆಪಟ್ಟಿದ್ದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ಇರು. ಸಹಿ ಹಾಕು. ನಮ್ಮ ಚಿಂತೆ ಬೇಡ, ನಾವು ಹೊಂದಿಕೊಂಡು ಹೋಗುತ್ತೇವೆ.

ನಿನ್ನಮ್ಮನ ಆಶೀರ್ವಾದ ತಲುಪಿಸಿದ್ದೇನೆ. ಡೆಕ್ಕಿನ ಮೇಲೆ ಗಾಳಿಗೆ ಕಿವಿ ಮುಚ್ಚಿಕೊಂಡೇ ಓಡಾಡಬೇಕಂತೆ. ಡಾಕ್ಟರಿಗೆ ಇದನ್ನು ಮೇಷ್ಟ್ರು ಹೇಳಬೇಕಂತೆ.

ಎಂದೆಂದೂ ನಿನ್ನವನಾದ,
ಮೇಷ್ಟ್ರು

ಮತ್ತೆ: ಕಂಪನಿಯ ಆಫೀಸಿನಲ್ಲಿ ಹಡಗಿನ ಅಂಚೆಚೀಲ ಕಟ್ಟುವ ಹೊತ್ತಾಯಿತು, ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ನಿನ್ನಮ್ಮ ಬಾಗಿಲಲ್ಲಿ ನಿಂತು, "ಅವ್ಳಿಗೆ ಏನಂತ ಬರೆದ್ರಿ?" ಎಂದು ಕೇಳಿದರು. ಇರು ಅಂತ ಬರೆದೆ ಎನ್ನಲು ಬಾಯಿ ತೆರೆದವನು ಅವರ ಮುಂದೆಯೇ ಅತ್ತುಬಿಟ್ಟೆ. ಮೇಲೆ ಬರೆದದ್ದನ್ನು ಹೊಡೆದುಹಾಕುತ್ತ ಕೂರಲು ಹೊತ್ತಿಲ್ಲ. ಸಹಿ ಹಾಕಬೇಡ. ಬಾ.