ನಿನ್ನ ಹೆಸರು ತೆಗೆದವಳು ನಾನೇ

ಕೂಟಗಲ್
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ನಿಖಾತಕ್ಕ,

ನಿನ್ನ ಫೋನಿಗೆ ನನ್ನ ಕರೆ ಹೋಗುತ್ತಿಲ್ಲ. ಅದಕ್ಕೇ ಈ ಕಾಗದ. ಓದದೆ ಹರಿದು ಹಾಕಿದರೂ ಬೇಸರ ಮಾಡಿಕೊಳ್ಳಲಾರೆ.

ನಿನ್ನೆ ನಮ್ಮ ರೇಷ್ಮೆ ಬೆಳೆಗಾರರ ಫೇಸ್‌ಬುಕ್ ಗ್ರೂಪಿನ ಅಡ್ಮಿನ್ ಕೆಲಸ ಬಿಟ್ಟೆ. ಆರು ವರ್ಷ, ಇಪ್ಪತ್ತೆರಡು ಸಾವಿರ ಜನರನ್ನು ನಾವಿಬ್ಬರೇ ನೋಡಿಕೊಂಡೆವು. ಹುಳುವಿನ ರೋಗದ ಪ್ರಶ್ನೆ ನನ್ನದು, ರಾಮನಗರದ ಮಾರ್ಕೆಟ್ಟಿನ ಗೂಡಿನ ರೇಟು ನಿನ್ನದು. ಗೂಡು ಕೊಂಡು ನೂಲು ತೆಗೆಯುವ ಮನೆಯವಳಾದರೂ ನೀನು ಬೆಳೆಗಾರರಿಗೆ, "ಇವತ್ತು ತರಬೇಡಿ, ನಾಳೆ ಬನ್ನಿ, ರೇಟು ಏರ್ತದೆ" ಅನ್ನುತ್ತಿದ್ದೆ. ನಿನ್ನ ಗಂಡ ಆಫ್ತಾಬಣ್ಣ ನಗುತ್ತಲೇ ಬೈಯುತ್ತಿದ್ದರಂತೆ.

ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಹುಳುವಿನ ಕೆಲಸ ಹೆಚ್ಚಾಯಿತು ಅಂದೆ. ಪೂರ್ತಿ ಸುಳ್ಳಲ್ಲ. ಹುಳು ಸೊಪ್ಪಿಗೆ ಕಾಯುತ್ತಿದ್ದಾಗಲೂ ನಾನು ಫೋನ್ ಹಿಡಿದು ಕೂತಿರುತ್ತಿದ್ದೆ. ಅತ್ತೆ ಸಿದ್ದಮ್ಮ ಬಾಗಿಲಲ್ಲಿ ನಿಂತು, "ಅದ್ನ ಒಸಿ ಆಚೆಗೆ ಮಡಗವ್ವ. ಬಾಯಿಲ್ದ ಜೀವ, ಹಸ್ಕಂಡವೆ" ಅನ್ನುತ್ತಿದ್ದರು.

ನಾನು ಏನು ಮಾಡುತ್ತಿದ್ದೆನೆಂದು ಅವರಿಗೆ ಗೊತ್ತಿರಲಿಲ್ಲ. ನಿನಗೂ ಹೇಳಲಿಲ್ಲ. ನಿನ್ನ ಬಗ್ಗೆ, ನಿಮ್ಮ ಧರ್ಮದ ಬಗ್ಗೆ ಬರೆದಿದ್ದನ್ನು ನೀನು ನೋಡುವ ಮೊದಲೇ ಅಳಿಸುವುದು ಎರಡು ವರ್ಷದಿಂದ ನನ್ನ ದಿನದ ಮೊದಲ ಕೆಲಸವಾಗಿತ್ತು. "ನಮ್ ಗೂಡಿಗೆ ರೇಟು ಹೇಳಕ್ಕೆ ಇವಳ್ಯಾವಳು" ಅನ್ನುವುದು ಅವುಗಳಲ್ಲೆಲ್ಲ ಮರ್ಯಾದೆಯ ಮಾತು. ಓದಿದ್ದನ್ನು ಯಾರ ಹತ್ತಿರವೂ ಆಡಲಾಗದೆ ಹುಳುಮನೆಗೆ ಹೋಗಿ ಅಳುತ್ತಿದ್ದೆ.

ಶ್ರಾವಣದಲ್ಲಿ ಹಳೆಯ ಸದಸ್ಯರು ನಲವತ್ತು ಜನ ಒಟ್ಟಾಗಿ, ನಿನ್ನನ್ನು ತೆಗೆಯದಿದ್ದರೆ ಗ್ರೂಪ್ ಒಡೆಯುತ್ತೇವೆ ಎಂದರು. ಮೂರು ದಿನ ತಡೆದೆ. ನಾಲ್ಕನೆಯ ದಿನ ಸೋತೆ. ಅಡ್ಮಿನ್ ಪಟ್ಟಿಯಿಂದ ನಿನ್ನ ಹೆಸರು ತಾನಾಗಿ ಹೋಗಿದೆ, ಏನೋ ತೊಂದರೆಯಿರಬೇಕು ಎಂದಿದ್ದೆನಲ್ಲ? ತೆಗೆದವಳು ನಾನೇ, ಅಕ್ಕ. ನೀನು ನಂಬಿದೆ. "ಹೋಗ್ಲಿ ಬಿಡು ಭಾನು, ರೇಟು ಹೇಳಕ್ಕೆ ಅಡ್ಮಿನ್ ಯಾಕಾಗ್ಬೇಕು" ಎಂದೆ.

ಆಮೇಲೆ ಈ ಸೋಮವಾರ ಬಂತು. ಶಾಲೆಯ ಗೇಟಿನ ಹತ್ತಿರ ನಿಂತ ನಿನ್ನ ಮಗಳ ಫೋಟೋ ಗ್ರೂಪಿನಲ್ಲಿತ್ತು. ಅದರ ಕೆಳಗಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಡ್ಮಿನ್ ಆಗಿದ್ದರೆ ನೀನೇ ಕೂಡಲೇ ಅಳಿಸಿರುತ್ತಿದ್ದೆ. ಆಗದೆ ನನಗೆ ಹನ್ನೊಂದು ಸಲ ಕರೆ ಮಾಡಿದೆ. ನಾನು ಫೋನ್ ಮನೆಯಲ್ಲಿಟ್ಟು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಬಂದು ಅಳಿಸುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಸಾವಿರಾರು ಜನ ನೋಡಿದ್ದರು. ನಾನು ಕರೆ ಮಾಡಿದಾಗ ನೀನು ಬೈಯಲಿಲ್ಲ, ಅಳಲೂ ಇಲ್ಲ. "ನನ್ ಮಗೂಗೆ ಹದಿಮೂರು ವರ್ಷ ಕಣೆ, ಭಾನು" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ಮಗು ಅವತ್ತಿನಿಂದ ಶಾಲೆಗೆ ಹೋಗುತ್ತಿಲ್ಲವಂತೆ. ಆಫ್ತಾಬಣ್ಣ ಮಾರ್ಕೆಟ್ಟಿನಲ್ಲಿ ನಮ್ಮ ಮನೆಯವರಿಗೆ ಹೇಳಿದರಂತೆ. ಗ್ರೂಪ್ ಒಡೆಯಬಾರದೆಂದು ನಿನ್ನನ್ನು ಬಿಟ್ಟುಕೊಟ್ಟೆ. ಇನ್ನು ಅಲ್ಲಿ ಕೂತು ಯಾರಿಗೆ ಏನು ಹೇಳಲಿ? ಕ್ಷಮಿಸು ಎನ್ನಲು ಮುಖವಿಲ್ಲ.

ಇಂತಿ,
ನಿನ್ನ ತಂಗಿ ಎಂದು ಬರೆಯಲು ಕೈ ಬಾರದ
ಭಾನುಪ್ರಿಯ

ಬಚ್ಚಿಟ್ಟ ಮಾತು: ಬೇರೆ ಹೆಸರಿನಲ್ಲಿ ಆ ಫೋಟೋ ಹಾಕಿದವನು ನನ್ನ ಒಡಹುಟ್ಟಿದ ತಮ್ಮ ಬಾಲರಾಜು. ಆ ಖಾತೆಯಲ್ಲಿದ್ದ ಫೋನ್ ನಂಬರು ನೋಡಿದ ಕೂಡಲೇ ತಿಳಿಯಿತು. ಐದು ದಿನ ಬಾಯಿ ಬಿಡಲಿಲ್ಲ. ಇವತ್ತು ಬೆಳಗ್ಗೆ ಪೊಲೀಸ್ ಠಾಣೆಗೆ ಹೋಗಿ ಅವನ ಹೆಸರು ಹೇಳಿ, ಸಹಿ ಹಾಕಿ ಬಂದೆ. ಅವ್ವ ಫೋನ್ ಮಾಡಿ, "ಇನ್ಮೇಲೆ ನಂಗೆ ಮಗಳಿಲ್ಲ" ಅಂದಳು. ಪೊಲೀಸರು ನಿಮ್ಮ ಮನೆಗೆ ಬರಬಹುದು. ಇರುವುದನ್ನೆಲ್ಲ ಹೇಳು, ಅಕ್ಕ. ನನ್ನ ಮುಖ ನೋಡಿ ಸುಮ್ಮನಾಗಬೇಡ.