ತಲೆ ಒಂದರದು, ಬಾಲ ಇನ್ನೊಂದರದು

ಕೊಳಕೂರ, ತಾ. ಜೇವರ್ಗಿ
೯ ನವೆಂಬರ್ ೨೦೨೫

ದೇವಾನಂದ ಅವರಿಗೆ, ನಿಮ್ಮ ಹೆಂಡತಿ ಎಂದು ಕಾಗದದ ಮೇಲೆ ಇನ್ನೂ ಉಳಿದಿರುವ ಮಧುಮತಿಯ ಜೈಭೀಮ್.

ಆರೋಗ್ಯವೇ? ದಿಲ್ಲಿಯ ಹೊಗೆಗೆ ನಿಮಗೆ ದಮ್ಮು ಹೆಚ್ಚಾಗುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನೀವು ಗಟ್ಟಿಯಾಗಿರಬೇಕು, ಮುಂದಿನದನ್ನು ಓದಲು ಗುಂಡಿಗೆ ಬೇಕು. ನಿಮ್ಮ ಅವ್ವ ಮೊಣಕಾಲು ನೋವೆಂದು ನರಳುತ್ತಲೇ ಹೊಲಕ್ಕೆ ಹೋಗಿ ತೊಗರಿ ಹೂವು ನೋಡಿ ಬರುತ್ತಾರೆ. ನಾನು ಇಲ್ಲಿಂದಲೇ ಜೇವರ್ಗಿಯ ಕಾಲೇಜಿಗೆ ಪಾಠ ಹೇಳಲು ಹೋಗಿಬರುತ್ತೇನೆ. ಗಂಡ ಬಿಟ್ಟುಹೋದರೂ ಇವಳು ಇಲ್ಲೇಕಿದ್ದಾಳೆ ಎಂದು ಕೇಳುವವರಿಗೆ ಅತ್ತೆಯೇ ಉತ್ತರ ಕೊಡುತ್ತಾರೆ: “ಹೋದಾಂವ ಹೋದ. ಇಕಿ ನನ್ನ ಮಗಳು, ನಿಮಗೇನ್ರಿ ತ್ರಾಸು?”

ಅರುಣಾಚಲದ ಬೆಟ್ಟದ ಕಾಡು ನೆನಪಿದೆಯೇ? ಜಿಗಣೆ ಕಚ್ಚುತ್ತವೆಂದು ನೀವು ಗುಡಾರ ಬಿಟ್ಟು ಏಳಲಿಲ್ಲ. ಮಂಡಿಯೂರಿ ಕೊಳೆತ ಎಲೆಗಳನ್ನು ಜರಡಿ ಹಿಡಿದವಳು ನಾನು. ಮೊಟಕು ರೆಕ್ಕೆಯ, ಚೇಳಿನ ಹಾಗೆ ಬಾಲ ಎತ್ತಿ ಓಡುವ ಆ ಕೆಂಪು ತಲೆಯ ರೋವ್ ಬೀಟಲ್‌ಗಳು ಬಿದ್ದದ್ದು ನನ್ನ ಜರಡಿಗೆ. ಅಂಥ ಜೀರುಂಡೆಯ ಬಗ್ಗೆ ಅದುವರೆಗೆ ಯಾರೂ ಬರೆದಿರಲಿಲ್ಲ. ನಾನು ಕಾರ್ಡಿನ ಚೂರಿಗೆ ಅಂಟಿಸಿಟ್ಟಿದ್ದ ಒಂದನ್ನು ದಿಲ್ಲಿಗೆ ಒಯ್ದು, ನಿಮ್ಮ ಸಾಹೇಬರ ಹೆಸರಿಟ್ಟು, ನೀವೊಬ್ಬರೇ ಕಂಡವರಂತೆ ಅಚ್ಚು ಹಾಕಿಸಿದಿರಿ, ಬಡ್ತಿಯನ್ನೂ ಹೊಡೆದಿರಿ. ಕೇಳಿದ್ದಕ್ಕೆ, “ಎಲಿ ಜಾಡ್ಸಾಕಿಗಿ ಹೆಸರ್ಯಾಕ ಬೇಕ?” ಎಂದಿರಿ. ಅಯ್ಯೋ ಮಾರಾಯರೇ, ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಅದೇ ವರ್ಷ, ನಿಮ್ಮನ್ನು ನೋಡಲು ಅಷ್ಟು ದೂರ ಬಂದ ಅವ್ವನನ್ನು ಗೆಳೆಯರ ಮುಂದೆ ಊರಿಂದ ಬಂದ ಅಡುಗೆಯಾಕೆ ಎಂದಿರಿ. ಹಿಂದಿಯಲ್ಲಿ ಹೇಳಿದರೆ ಅವ್ವನಿಗೆ ತಿಳಿಯದು ಎಂದುಕೊಂಡಿರಾ? ಪಕ್ಕದ ಮನೆಯ ಪೀರಬಿಯೊಂದಿಗೆ ಅವರು ದಿನವಿಡೀ ಹರಟುವುದು ಯಾವ ಭಾಷೆಯಲ್ಲಿ?

ಈಗ ಸುದ್ದಿಗೆ ಬರುತ್ತೇನೆ. ಹೊಸ ಜೀವಿಗೆ ಹೆಸರಿಟ್ಟವರು ಅದರ ಮೂಲ ಮಾದರಿಯನ್ನು ಸಂಗ್ರಹಾಲಯದಲ್ಲಿ ಇಡಲೇಬೇಕಲ್ಲ, ನಿಮ್ಮದನ್ನು ನಾನು ಪರೀಕ್ಷೆಗೆ ತರಿಸಿದೆ. ಭೂತಗಾಜಿನಡಿ ಎರಡು ಬಗೆಯ ಅಂಟು ಕಂಡಿತು. ನಾನು ಹುಳು ಅಂಟಿಸುವುದು ಅತ್ತೆ ಹೊಲದ ಬದುವಿನಿಂದ ಕಿತ್ತು ತರುವ ಜಾಲಿ ಅಂಟಿನಿಂದ, ನಿಮಗೆ ಗೊತ್ತು. ಸಂಗ್ರಹಾಲಯದ ಮುಜೀಬ್ ಸಾಹೇಬರ ಒಪ್ಪಿಗೆ ಪಡೆದು, ಫೋಟೋ ತೆಗೆದು, ಬಿಸಿನೀರು ಮುಟ್ಟಿಸಿದೆ. ತಲೆಯ ಭಾಗ ಮೆಲ್ಲಗೆ ಬಿಟ್ಟುಕೊಂಡಿತು. ಬಾಲ ಮಾತ್ರ ಜಪ್ಪಯ್ಯ ಎನ್ನಲಿಲ್ಲ, ಅದು ಅಂಗಡಿಯ ಅಂಟು. ದಾರಿಯಲ್ಲಿ ಮುರಿದು ಬಾಲ ಕಳೆದುಹೋಯಿತು, ಅಲ್ಲವೇ? ಬೇರೊಂದರ ಬಾಲ ತಂದು ಮೆತ್ತಿದಿರಿ. ಈ ಹುಳುಗಳ ಗುರುತು ಸಿಗುವುದೇ ಗಂಡಿನ ಬಾಲದ ತುದಿಯಲ್ಲಿ. ನೀವು ಚಿತ್ರ ಬರೆದು ವರ್ಣಿಸಿದ್ದೂ ಆ ಬಾಲವನ್ನೇ. ಅದು ಯಾವುದರದು ಗೊತ್ತೇ? ತಿಪ್ಪೆಯಲ್ಲಿ ಸಿಗುವ, ನಮ್ಮಜ್ಜಂದಿರ ಕಾಲದಲ್ಲೇ ಹೆಸರು ಪಡೆದ ಹುಳುವಿನದು.

ಹೀಗೆ ಎರಡು ಹುಳು ಸೇರಿದ ಮಾದರಿ ಸಿಕ್ಕರೆ, ಇಟ್ಟ ಹೆಸರು ಯಾವ ತುಂಡಿಗೆ ಸಲ್ಲಬೇಕೆಂದು ಪತ್ತೆ ಹಚ್ಚಿದವರೇ ತೀರ್ಮಾನಿಸಬಹುದು. ತಲೆಗೆ ಎಂದಿದ್ದರೆ ನೀವಿಟ್ಟ ಹೆಸರು ಉಳಿಯುತ್ತಿತ್ತು. ನಾನು ಬಾಲಕ್ಕೆ ಎಂದೆ. ನೀರು ಆರುವ ಮೊದಲೇ ತೀರ್ಮಾನಿಸಿದ್ದೆ. ಹಳೆಯ ಹೆಸರಿರುವ ಹುಳುವಿಗೆ ಹೊಸ ಹೆಸರು ನಡೆಯುವುದಿಲ್ಲ, ನೀವಿಟ್ಟದ್ದು ಬಿದ್ದುಹೋಯಿತು. ತಿಪ್ಪೆಯ ವಿಚಾರವನ್ನು ನಿಮ್ಮ ಸಾಹೇಬರಿಗೆ ಹೇಗೆ ತಿಳಿಸುತ್ತೀರೋ, ನೀವುಂಟು ಅವರುಂಟು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಆಶೀರ್ವಾದ ಬರೆಯಲೇ ಎಂದು ಅತ್ತೆಯನ್ನು ಕೇಳಿದೆ, ಎದ್ದು ಹೊಲದ ಕಡೆ ನಡೆದರು.

ಇತಿ, ಎಲೆ ಜಾಡಿಸುವಾಕೆ,
ಮಧುಮತಿ

ತಾ.ಕ.: ಫೋನು ಮಾಡದೆ ಅಂಚೆಗೆ ಹಾಕಿದ್ದು ಬೇಕೆಂದೇ. ಇದು ನಿಮ್ಮ ಕೈ ಸೇರುವಷ್ಟರಲ್ಲಿ ನನ್ನ ಪ್ರಬಂಧ ಅಚ್ಚಾಗಿರುತ್ತದೆ, ತಡೆಯಲು ಬಾರದು. ನನ್ನ ಡಬ್ಬಿಯಲ್ಲಿ ಉಳಿದಿದ್ದ ಇಡೀ ಹುಳುವಿಗೆ ಕಸ್ತೂರಿಬಾಯಿ ಎಂದು ಅತ್ತೆಯ ಹೆಸರನ್ನೇ ಇಟ್ಟಿದ್ದೇನೆ, ಪಕ್ಕದಲ್ಲಿ ನಿಯಮದಂತೆ, ಹೆಸರಿಟ್ಟವಳೆಂದು, ನನ್ನ ಹೆಸರು. ಇನ್ನು ಆ ಹುಳುವಿನ ಮಾತೆತ್ತಿದರೆ ನಮ್ಮಿಬ್ಬರ ಹೆಸರನ್ನೂ ನೀವು ಹೇಳಲೇಬೇಕು. ಅತ್ತೆಗೆ ತಿಳಿಸಿದಾಗ, “ಈಗರೆ ಅಂವ ನಾಕ ಮಂದ್ಯಾಗ ನನ್ನ ಹೆಸರು ಹೇಳ್ತಾನೇನಬೇ?” ಎಂದರು. ಹೇಳದೆ ಎಲ್ಲಿಗೆ ಹೋಗುತ್ತಾರೆ ಎಂದೆ.