ಮಾರಕ್ಕನ ಮಡಿಲಲ್ಲಿರುವ ವಾಕಿಟಾಕಿ

ರಾಮಮೂರ್ತಿ ನಗರ, ಭಾನುವಾರ

ತಂಗೀ,

ಮಗನ ಮನೆಗೆ ಸುಖವಾಗಿ ಬಂದು ಸೇರಿ ಹದಿನೈದು ದಿನವಾಯಿತು. ಇಲ್ಲಿಯ ಒಂದು ವಿಚಿತ್ರ ಕೇಳು. ಮೊಮ್ಮಗಳು ಅಂಜಲಿಗೆ ಅವಳಪ್ಪ ಒಂದು ಜೋಡಿ ವಾಕಿಟಾಕಿ ತಂದುಕೊಟ್ಟಿದ್ದಾನೆ. ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಸೈಕಲ್ ಹತ್ತಿ ಕೆರೆ ಕಡೆ ಹೋಗುತ್ತಾಳೆ. ಇನ್ನೊಂದು ಕೆಳಗಿನ ಮನೆಯ ಓನರ್ ಮಾರಕ್ಕನ ಮಡಿಲಲ್ಲಿರುತ್ತದೆ. ಅದಕ್ಕೆ ಸರಕಾರದ ಲೈಸೆನ್ಸ್ ಬೇಡವಂತೆ. ಮಾರಕ್ಕನ ಅಪ್ಪಣೆ ಮಾತ್ರ ಬೇಕು.

ನನಗೇಕೆ ಕೊಡಲಿಲ್ಲ ಎಂದರೆ, "ಅಜ್ಜಿ, ನೀನು ಮಾತಾಡಿದ್ಮೇಲೂ ಗುಂಡಿ ಒತ್ಕೊಂಡೇ ಇರ್ತೀಯ. ಬಿಟ್ರೆ ತಾನೆ ನನ್ನ ಮಾತು ಕೇಳ್ಸೋದು?" ಎಂದಳು.

ನಿನ್ನೆ ಮಾರಕ್ಕ ಸ್ನಾನಕ್ಕೆ ಹೋಗಿದ್ದಾಗ ಜಗಲಿಯ ಮೇಲಿದ್ದ ಅದು ಕೂಗಿತು. ನಾನೇ ಎತ್ತಿಕೊಂಡು, ಮಾರಕ್ಕನ ದನಿಯಲ್ಲೇ "ಎಲ್ಲಿದೀಯಮ್ಮಾ?" ಎಂದು ಕೇಳಿ, ಮರೆಯದೆ ಗುಂಡಿ ಬಿಟ್ಟೆ.

"ಮಾರಕ್ಕಜ್ಜಿ, ಹಸಿವಾಗ್ತಿದೆ. ನಿಮ್ಮನೇಲೇ ಮುದ್ದೆ ತಿಂತೀನಿ. ನಮ್ಮಜ್ಜಿ ದಿನಾ ರೊಟ್ಟಿನೇ ಮಾಡ್ತಾರೆ."

ಗುಂಡಿ ಬಿಡಲು ಕಲಿತು ನಾನು ಕೇಳಿಸಿಕೊಂಡ ಮೊದಲ ಮಾತು ಇದು.

ಮಂಡಿನೋವು ಕಡಿಮೆಯಾಗಿದೆ. ನಿನ್ನ ಸೊಸೆ ಕೋಲಾರದವಳಲ್ಲವೇ? ಗಂಟಾಗದಂತೆ ಮುದ್ದೆ ತಿರುವುವುದು ಹೇಗೆಂದು ಅವಳನ್ನು ಕೇಳಿ ಬೇಗ ಬರೆ. ಮಾರಕ್ಕನನ್ನಂತೂ ನಾನು ಕೇಳುವುದಿಲ್ಲ.

ನಿನ್ನ ಅಕ್ಕ,
ಕಾಶಮ್ಮ